ಗರ್ಭಕೋಶ ಜಾರಿದ್ದಕ್ಕೆ ತಾಯಿಯ ಶಸ್ತ್ರಚಿಕಿತ್ಸೆ: ಅದಕ್ಕೆ ವಿಡಿಯೋ ಕರೆಯಲ್ಲೇ ಸಿದ್ಧತೆ ಮಾಡಿಸಿದರೆ ಸಾಕೆ?

ಪ್ರಶ್ನೆ — ವಿಜಯನಗರದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರಿಗೆ 62 ವರ್ಷ. ತುರುವೇಕೆರೆ ಹತ್ತಿರದ ಹಳ್ಳಿಯಲ್ಲಿ ತಂದೆಯವರೊಂದಿಗೆ ಇದ್ದಾರೆ. ಎರಡು ಹಸುಗಳಿವೆ, ಸ್ವಲ್ಪ ತೆಂಗಿನ ತೋಟವಿದೆ. ಅವರಿಗೆ ಏಳೆಂಟು ವರ್ಷಗಳಿಂದ ಗರ್ಭಕೋಶ ಜಾರುವ ತೊಂದರೆ ಇತ್ತೆಂಬುದು ನನಗೆ ಗೊತ್ತಾದದ್ದು ಮೊನ್ನೆ ಹಬ್ಬಕ್ಕೆ ಊರಿಗೆ ಹೋದಾಗ. ಹಾಲು ಕರೆದು ಎದ್ದು ನಿಂತವರು ಕೊಟ್ಟಿಗೆಯ ಗೋಡೆ ಹಿಡಿದುಕೊಂಡು, ಸೀರೆಯ ನೆರಿಗೆಯ ಮೇಲಿನಿಂದಲೇ ಏನನ್ನೋ ಕೈಯಿಂದ ಒಳಕ್ಕೆ ಒತ್ತಿಕೊಂಡರು. ನಾನು ಕೇಳಿದ್ದಕ್ಕೆ, "ವಯಸ್ಸಾದ ಮೇಲೆ ಎಲ್ಲರಿಗೂ ಇರ್ತದೆ ಬಿಡು" ಎಂದರು.

ಬಲವಂತವಾಗಿ ಬೆಂಗಳೂರಿಗೆ ಕರೆತಂದು ಒಂದು ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿದೆವು. ಒಳಪರೀಕ್ಷೆ ಮತ್ತು ಸ್ಕ್ಯಾನಿಂಗ್ ಮಾಡಿ, ಗರ್ಭಕೋಶದ ಜೊತೆಗೆ ಮೂತ್ರಕೋಶವೂ ಇಳಿದಿದೆ, ಮೂರನೇ ಹಂತದಲ್ಲಿದೆ, ಶಸ್ತ್ರಚಿಕಿತ್ಸೆ ಮಾಡುವುದು ಒಳ್ಳೆಯದು ಎಂದು ಹೇಳಿದರು. ಶುಗರ್ ಹೆಚ್ಚಿರುವುದರಿಂದ ಅದನ್ನು ಹತೋಟಿಗೆ ತಂದುಕೊಳ್ಳಲು ಐದು ವಾರಗಳ ನಂತರದ ದಿನಾಂಕ ಕೊಟ್ಟಿದ್ದಾರೆ. ಅಲ್ಲಿಯವರೆಗಿನ ಮಾತುಕತೆಯನ್ನೆಲ್ಲ ವಿಡಿಯೋ ಕರೆಯಲ್ಲೇ ಮುಗಿಸಬಹುದು, ಒಮ್ಮೆ ನರ್ಸ್ ಮತ್ತು ವೈದ್ಯರು, ಇನ್ನೊಮ್ಮೆ ಅರಿವಳಿಕೆ ತಜ್ಞರು ಮಾತನಾಡುತ್ತಾರೆ, ಹಿಂದಿನ ದಿನ ಬಂದು ದಾಖಲಾದರೆ ಸಾಕು ಎಂದಿದ್ದಾರೆ.

ಇದು ನಮಗೆ ದೊಡ್ಡ ಅನುಕೂಲವೇ ಸರಿ. ಊರಿನಿಂದ ಗೊರಗುಂಟೆಪಾಳ್ಯದವರೆಗೆ ಬಸ್ಸಿನಲ್ಲಿ ಮೂರು ಗಂಟೆಗೂ ಮೀರಿದ ಪ್ರಯಾಣ. ದಾರಿಯಲ್ಲಿ ಮೂತ್ರಕ್ಕೆ ಹೋಗಬೇಕಾಗುತ್ತದೆ ಎಂಬ ಭಯಕ್ಕೆ ಅಮ್ಮ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿದ್ದರೆಂದು ಆಮೇಲೆ ತಿಳಿಯಿತು.

ನನ್ನ ಆತಂಕ ಬೇರೆಯದು. ಆಸ್ಪತ್ರೆಯಲ್ಲಿ ವೈದ್ಯರು ಅರ್ಧ ಇಂಗ್ಲಿಷ್, ಅರ್ಧ ಹಿಂದಿಯಲ್ಲಿ ಮಾತನಾಡಿದರು. ನನ್ನ ಅಣ್ಣ ಅದನ್ನು ಚುಟುಕಾಗಿ ಕನ್ನಡದಲ್ಲಿ ಹೇಳಿದ. ಅಮ್ಮ ನೆಲ ನೋಡುತ್ತ ಎಲ್ಲಕ್ಕೂ "ಹೂಂ" ಎಂದರು. ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ನನ್ನೊಬ್ಬಳನ್ನೇ ಕರೆದು, "ಅದು ಕ್ಯಾನ್ಸರ್ ಗಡ್ಡೆನೇನೇ? ನನ್ನ ಹತ್ರ ಮುಚ್ಚಿಡ್ತಿದ್ದೀರಾ?" ಎಂದು ಕೇಳಿದರು. ಎದುರಿಗೆ ಕುಳಿತ ವೈದ್ಯರನ್ನೇ ಕೇಳಲಾಗದವರು ಫೋನಿನ ಪರದೆಯ ಮುಂದೆ ಬಾಯಿ ಬಿಡುತ್ತಾರೆಯೇ? ವಿಡಿಯೋದಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ? ನಾನು ಪಕ್ಕದಲ್ಲಿ ಕುಳಿತು ಅವರ ಪರವಾಗಿ ಮಾತನಾಡಬೇಕೆ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ — ಸ್ತ್ರೀರೋಗ ತಜ್ಞೆ, ಜಯನಗರ

ನಿಮ್ಮ ತಾಯಿಯವರನ್ನು ಒಮ್ಮೆ ಎದುರಿನಲ್ಲಿ ಪರೀಕ್ಷಿಸಿ ಆಗಿರುವುದರಿಂದ, ಮುಂದಿನ ಮಾತುಕತೆಗೆ ವಿಡಿಯೋ ಕರೆ ಯೋಗ್ಯವಾದ ದಾರಿಯೇ. 2020ರ ಮಾರ್ಚ್ 25ರಂದು ಪ್ರಕಟವಾದ ನಮ್ಮ ದೇಶದ ಟೆಲಿಮೆಡಿಸಿನ್ (ಫೋನ್, ವಿಡಿಯೋ ಮೂಲಕ ದೂರದಿಂದ ನೀಡುವ ವೈದ್ಯಕೀಯ ಸಲಹೆ) ಮಾರ್ಗಸೂಚಿಯೂ, ಎದುರುಭೇಟಿ ನಡೆದು ಆರು ತಿಂಗಳೊಳಗೆ ಅದೇ ತೊಂದರೆಗಾಗಿ ನಡೆಯುವ ಸಮಾಲೋಚನೆಯನ್ನು ಮುಂದುವರಿದ ಭೇಟಿಯೆಂದೇ ಪರಿಗಣಿಸುತ್ತದೆ. ಯಾವ ಹಂತದಲ್ಲಾದರೂ ಎದುರಿಗೇ ನೋಡಬೇಕೆಂದು ಅನ್ನಿಸಿದರೆ ವೈದ್ಯರು ಕರೆಸಿಕೊಳ್ಳಬಹುದು. ಹಾಗೆ ಕೇಳುವ ಹಕ್ಕು ನಿಮ್ಮ ತಾಯಿಯವರಿಗೂ ಇದೆ. ಕರೆಯ ನಂತರ ಕಳುಹಿಸುವ ಔಷಧ ಚೀಟಿಯಲ್ಲಿ ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆ ಇರಲೇಬೇಕು, ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಕ್ಯಾಮೆರಾದ ಮುಂದೆ ಆಗದ ಕೆಲಸಗಳು ಕೆಲವಿವೆ. ಗರ್ಭಕೋಶ ಎಷ್ಟು ಇಳಿದಿದೆ ಎಂದು ಅಳೆಯುವುದು, ಹೊರಬಂದ ಭಾಗದಲ್ಲಿ ಉಜ್ಜಿ ಉಜ್ಜಿ ಹುಣ್ಣಾಗಿದೆಯೇ ಎಂದು ನೋಡುವುದು, ಮೂತ್ರ ಮಾಡಿ ಬಂದ ಮೇಲೂ ಒಳಗೆ ಎಷ್ಟು ಉಳಿದಿದೆ ಎಂದು ತಿಳಿಯುವುದು, ಇವಕ್ಕೆ ಆಸ್ಪತ್ರೆಗೇ ಬರಬೇಕು. ಇವುಗಳ ಜೊತೆಗೆ ಇನ್ನೊಂದು ಪರೀಕ್ಷೆಯ ಬಗ್ಗೆ ನೀವು ಖಂಡಿತ ಕೇಳಿ ತಿಳಿದುಕೊಳ್ಳಬೇಕು. ಮೂತ್ರಕೋಶ ಜಾರಿದಾಗ ಮೂತ್ರನಾಳವು ತೋಟಕ್ಕೆ ನೀರು ಬಿಡುವ ಪೈಪು ಮಡಚಿಕೊಂಡಂತೆ ಬಾಗಿರಬಹುದು, ಹಾಗಿದ್ದರೆ ಕೆಮ್ಮಿದರೂ ಮೂತ್ರ ಸೋರದಿರಬಹುದು. ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಮೇಲಕ್ಕೆತ್ತಿ ನೇರ ಮಾಡಿದ ಮೇಲೆ ಕೆಲವರಿಗೆ ಸೋರಿಕೆ ಹೊಸದಾಗಿ ಕಾಣಿಸಿಕೊಳ್ಳುತ್ತದೆ, ಅವರು "ಆಪರೇಷನ್ ಕೆಟ್ಟಿತು" ಎಂದು ಅಳುತ್ತಾರೆ. ಜಾರಿದ ಭಾಗವನ್ನು ಒಳಗೆ ತಳ್ಳಿ, ಕೆಮ್ಮಿಸಿ ನೋಡುವ ಪರೀಕ್ಷೆಯನ್ನು ಮಾಡಿದ್ದಾರೆಯೇ ಎಂದು ವಿಚಾರಿಸಿ. ಮಾಡಿಲ್ಲವಾದರೆ ದಾಖಲಾಗುವ ದಿನ ಮಾಡಿಸಿ.

ಅರಿವಳಿಕೆ ತಜ್ಞರು ವಿಡಿಯೋದಲ್ಲಿ ಹಳೆಯ ಕಾಯಿಲೆ, ಅಲರ್ಜಿ, ಹಿಂದಿನ ಶಸ್ತ್ರಚಿಕಿತ್ಸೆ, ಸಡಿಲವಾದ ಹಲ್ಲು, ಬಾಯಿ ಎಷ್ಟು ತೆರೆಯುತ್ತದೆ ಎಂಬುದನ್ನೆಲ್ಲ ತಿಳಿಯಬಹುದು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುವುದಕ್ಕೆ, ಇಂಜೆಕ್ಷನ್ ಕೊಡಬೇಕಾದ ಬೆನ್ನನ್ನು ನೋಡುವುದಕ್ಕೆ ಹಿಂದಿನ ದಿನವೇ ಗತಿ. ಆದ್ದರಿಂದ ರಕ್ತಪರೀಕ್ಷೆ ಮತ್ತು ಇಸಿಜಿಗಳನ್ನು ತುರುವೇಕೆರೆಯಲ್ಲೋ ತಿಪಟೂರಿನಲ್ಲೋ ಮೊದಲೇ ಮಾಡಿಸಿ, ರಿಪೋರ್ಟುಗಳನ್ನು ಕರೆಗೆ ಎರಡು ದಿನ ಮುಂಚೆ ಕಳುಹಿಸಿದರೆ, ಇಸಿಜಿಯಲ್ಲಿ ಏನೋ ಇದೆ ಎಂದು ಕಡೆಯ ಸಂಜೆ ಶಸ್ತ್ರಚಿಕಿತ್ಸೆ ಮುಂದೂಡುವ ಸಂಕಟ ತಪ್ಪುತ್ತದೆ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8ಕ್ಕಿಂತ ಕಡಿಮೆ ಇರಲಿ ಎಂದು ನಾವು ಸಾಮಾನ್ಯವಾಗಿ ಬಯಸುತ್ತೇವೆ. ಐದು ವಾರಗಳಲ್ಲಿ ಆ ಸಂಖ್ಯೆ ಪೂರ್ತಿ ಇಳಿಯದಿದ್ದರೂ ದಿನದಿನದ ಶುಗರ್ ಹತೋಟಿಗೆ ಬಂದರೆ ಹೊಲಿಗೆ ಚೆನ್ನಾಗಿ ಮಾಯುತ್ತದೆ.

ಮಾತ್ರೆಗಳ ವಿಷಯದಲ್ಲಿ ವಿಡಿಯೋ ಕರೆ ನಮ್ಮ ಓಪಿಡಿಗಿಂತಲೂ ಉತ್ತಮ ಎಂಬುದು ನನ್ನ ಅನುಭವ. ಓಪಿಡಿಗೆ ಬಂದವರು "ಬಿ.ಪಿ.ಗೆ ಒಂದು ಬಿಳಿ ಮಾತ್ರೆ" ಎನ್ನುತ್ತಾರೆ, ಮನೆಯಲ್ಲಿ ಇದ್ದಾಗ ಮಾತ್ರೆಯ ಕವರನ್ನೇ ತಂದು ಹಾಸಿಗೆಯ ಮೇಲೆ ಸುರಿಯುತ್ತಾರೆ. ಪ್ರತಿಯೊಂದು ಸ್ಟ್ರಿಪ್ಪನ್ನೂ ಕ್ಯಾಮೆರಾಕ್ಕೆ ಹಿಡಿದು ತೋರಿಸಲಿ: ಮಂಡಿನೋವಿನದು, ನಾಟಿ ಔಷಧದ ಪುಡಿ, ಎಲ್ಲವನ್ನೂ. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಯಾವಾಗ ನಿಲ್ಲಿಸಬೇಕು, ನಿಲ್ಲಿಸಬೇಕೇ ಬೇಡವೇ ಎಂಬುದನ್ನು ವೈದ್ಯರೇ ಹೇಳಬೇಕು, ನೀವಾಗಿ ನಿಲ್ಲಿಸಬೇಡಿ.

ಇನ್ನು ಭಾಷೆ. ಮುಟ್ಟು ನಿಂತ ಮಹಿಳೆಯರಿಗೆ ಒಳಚರ್ಮ ಗಟ್ಟಿಯಾಗಲಿ ಎಂದು ಶಸ್ತ್ರಚಿಕಿತ್ಸೆಗೆ ಮುಂಚೆ ಕೆಲವು ವಾರ ಈಸ್ಟ್ರೋಜನ್ ಕ್ರೀಮು ಕೊಡುತ್ತೇವೆ. ನನ್ನ ಬಳಿ ಬಂದ ಒಬ್ಬ ತಾಯಿ ಅದನ್ನು ಮೂರು ವಾರ ತಪ್ಪದೆ ಕೆಳಹೊಟ್ಟೆಯ ಮೇಲೆ ಹಚ್ಚಿಕೊಂಡಿದ್ದರು, ಏಕೆಂದರೆ ಅವರ ಮಗನ ಎದುರು ನಾನು "ಕೆಳಗಡೆ ಹಚ್ಚಿ" ಎಂದಷ್ಟೇ ಹೇಳಿದ್ದೆ. ತಪ್ಪು ನನ್ನದು. ಅಂದಿನಿಂದ ನಾನು ಯೋನಿಯ ಒಳಗೆ ಎಂದು ಬಿಡಿಸಿ ಹೇಳುತ್ತೇನೆ, ಮತ್ತು ಅದನ್ನು ಹೇಳುವಾಗ ಕೋಣೆಯಲ್ಲಿ ಗಂಡಸರು ಇರದಂತೆ ನೋಡಿಕೊಳ್ಳುತ್ತೇನೆ.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. ಗರ್ಭಕೋಶ ತೆಗೆದ ಮಾತ್ರಕ್ಕೆ ಜಾರುವಿಕೆ ವಾಸಿಯಾಗುವುದಿಲ್ಲ. ತೆಗೆದ ಮೇಲೆ ಯೋನಿಯ ಮೇಲ್ತುದಿಯನ್ನು ಒಳಗಿನ ಗಟ್ಟಿ ಕಟ್ಟುಗಳಿಗೆ ಹೊಲಿದು ನಿಲ್ಲಿಸಬೇಕು, ಮೂತ್ರಕೋಶದ ಕೆಳಗಿನ ಗೋಡೆಯನ್ನು ಬಿಗಿ ಮಾಡಬೇಕು. ಅದನ್ನು ಹೇಗೆ ಮಾಡುತ್ತಾರೆ, ಶಸ್ತ್ರಚಿಕಿತ್ಸೆ ಬೇಡವೆನಿಸಿದರೆ, ಜಾರಿದ ಭಾಗವನ್ನು ಒಳಗೇ ಹಿಡಿದಿಡುವ ರಿಂಗ್ ಹಾಕಿಸಿಕೊಳ್ಳಬಹುದೇ ಎಂಬುದನ್ನು ನಿಮ್ಮ ತಾಯಿಯವರೇ ತಿಳಿದು ಒಪ್ಪಿಗೆ ಕೊಡಬೇಕು. ಜಾರಿದ ಭಾಗಕ್ಕೆ ಆಸರೆಯಾಗಿ ಕೃತಕ ಜಾಲರಿ (ಮೆಷ್) ಹಾಕುವ ಮಾತು ಬಂದರೆ ಕಾರಣ ಕೇಳಿ. ಯೋನಿಯ ಮೂಲಕ ಹಾಕುವ ಅಂತಹ ಜಾಲರಿಗಳ ಮಾರಾಟವನ್ನು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ನಿಲ್ಲಿಸಿತು.

ಉತ್ತರ — ಬಸವೇಶ್ವರನಗರದಿಂದ

ಕ್ಷಮಿಸಿ, ನನಗೆ ಇದು ಸರಿ ಕಾಣುವುದಿಲ್ಲ. ನಮ್ಮ ಅತ್ತೆಯವರಿಗೆ ಹೀಗೆಯೇ ವಿಡಿಯೋ ಕರೆ ಇಟ್ಟುಕೊಂಡಿದ್ದರು. ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಅದರಲ್ಲಿ ನಾಲ್ಕು ನಿಮಿಷ "ಕೇಳಿಸುತ್ತಿದೆಯೇ" ಎನ್ನುವುದರಲ್ಲೇ ಹೋಯಿತು. ವಯಸ್ಸಾದ ಹೆಂಗಸಿನ ಕೈ ಹಿಡಿದು ಧೈರ್ಯ ಹೇಳುವ ಕೆಲಸವನ್ನು ಪರದೆ ಮಾಡಲಾರದು. ಕಷ್ಟವಾದರೂ ಕಾರು ಮಾಡಿಕೊಂಡು ಕರೆತನ್ನಿ.

ಉತ್ತರ — ನರ್ಸ್, ಬನಶಂಕರಿ

ನಾನು ಕ್ಯಾಲಿಫೋರ್ನಿಯಾದಲ್ಲಿ ಹನ್ನೊಂದು ವರ್ಷ ಇಂತಹ ಶಸ್ತ್ರಚಿಕಿತ್ಸೆಗಳ ವಿಭಾಗದಲ್ಲಿ ಕೆಲಸ ಮಾಡಿ ಬಂದವಳು. ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಮೆಕ್ಸಿಕೊ, ಗ್ವಾಟೆಮಾಲಾ, ಎಲ್ ಸಾಲ್ವಡೋರ್ ಮೂಲದ, ಸ್ಪ್ಯಾನಿಷ್ ಮಾತ್ರ ಬಲ್ಲ ಲ್ಯಾಟಿನಾ ಮಹಿಳೆಯರು ಬಹಳ. ಹೊಲದಲ್ಲಿ ಹಣ್ಣು ಕೀಳುವವರು, ಹೋಟೆಲ್ ಕೋಣೆ ಶುಚಿ ಮಾಡುವವರು. ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿ ಹೋಯಿತು. ನಿಮ್ಮ ಪ್ರಶ್ನೆಯನ್ನು ಓದುವಾಗ ನನಗೆ ಅವರೇ ಕಣ್ಣಮುಂದೆ ಬಂದರು. ಮಗಳನ್ನು ಅಡುಗೆಮನೆಗೆ ಕರೆದು ಕೇಳಿದ "ಅದು ಗಡ್ಡೆಯೇ" ಎಂಬ ಪ್ರಶ್ನೆಯನ್ನು ಅವರಿಂದ ಎಷ್ಟು ಬಾರಿ ಕೇಳಿದ್ದೇನೋ. ಕೈಗೆ ಏನೋ ತಗುಲುತ್ತದೆ, ಯಾರೂ ಬಿಡಿಸಿ ಹೇಳುವುದಿಲ್ಲ, ಮನಸ್ಸು ನೇರವಾಗಿ ಕ್ಯಾನ್ಸರಿಗೆ ಹೋಗುತ್ತದೆ. ಭೇಟಿ ಮುಗಿಸಿ ಹೊರಬಂದವರನ್ನು "ನಿಮಗೆ ಏನಾಗಿದೆ ಎಂದು ಹೇಳಿದರು" ಎಂದು ಕೇಳಿದರೆ ಹೇಳಲು ಬಾರದೆ ನಿಲ್ಲುವವರು ಅಲ್ಲಿಯೂ ಇದ್ದರು, ದುಭಾಷಿ ಜೊತೆಗಿದ್ದಾಗಲೂ.

2020ರ ಕೋವಿಡ್ ಕಾಲದಲ್ಲಿ ಶಸ್ತ್ರಚಿಕಿತ್ಸೆಯ ಪೂರ್ವಸಿದ್ಧತೆಯ ಮಾತುಕತೆಯನ್ನು ನಾವು ವಿಡಿಯೋಗೆ ಬದಲಾಯಿಸಿಕೊಳ್ಳಬೇಕಾಯಿತು. ಮೊದಲಿಗೆ ನನಗೂ ಮೇಲಿನ ಬಸವೇಶ್ವರನಗರದವರ ಅನುಮಾನವೇ ಇತ್ತು. ಆಮೇಲೆ ಒಂದು ವಿಷಯ ಅರ್ಥವಾಯಿತು. ಆಸ್ಪತ್ರೆಯಲ್ಲಿ ಆಕೆ ನಮ್ಮ ಮನೆಗೆ ಬಂದ ಅಪರಿಚಿತೆ. ವಿಡಿಯೋದಲ್ಲಿ ನಾವು ಆಕೆಯ ಮನೆಗೆ ಹೋದ ಅತಿಥಿಗಳು. ತನ್ನ ಮಂಚದ ಮೇಲೆ, ತನ್ನ ಶಾಲು ಹೊದ್ದು ಕುಳಿತವಳು, ಬಾಗಿಲು ಮುಚ್ಚಿದೆ ಎಂದು ಖಾತ್ರಿಯಾದ ಮೇಲೆ, ಓಪಿಡಿಯಲ್ಲಿ ಎಂದೂ ಕೇಳದ್ದನ್ನು ಕೇಳುತ್ತಿದ್ದಳು. ಆದರೆ ಅದಕ್ಕೆ ಮೊದಲು ನಾವು ಆಕೆಯ ಪರವಾಗಿ ಮಾತನಾಡುವ ಮನೆಯವರನ್ನು ಮಧ್ಯದಿಂದ ತೆಗೆಯಬೇಕಾಗಿತ್ತು.

ಆದ್ದರಿಂದ ನೀವು ಪಕ್ಕದಲ್ಲಿ ಕುಳಿತು ಅವರ ಪರವಾಗಿ ಮಾತನಾಡಬೇಕೆ ಎಂಬ ಪ್ರಶ್ನೆಗೆ ನನ್ನ ಉತ್ತರ, ಬೇಡ ಎಂದು. ಅಮೆರಿಕದಲ್ಲಿ 2010ರ ಆರೋಗ್ಯ ಕಾಯ್ದೆಯ 1557ನೇ ಸೆಕ್ಷನ್ ಅಡಿಯ ನಿಯಮಗಳು, ತುರ್ತು ಸಂದರ್ಭವನ್ನು ಬಿಟ್ಟರೆ ಅಪ್ರಾಪ್ತ ಮಕ್ಕಳನ್ನು ದುಭಾಷಿಗಳಾಗಿ ಬಳಸುವುದನ್ನು ತಡೆಯುತ್ತವೆ. ತರಬೇತಾದ ದುಭಾಷಿ ಅದೇ ಕರೆಯಲ್ಲಿ ಮೂರನೆಯ ಚೌಕದಲ್ಲಿ ಬಂದು ಕೂರುತ್ತಾರೆ. ಈ ನಿಯಮದ ಹಿಂದಿರುವ ತಿಳಿವಳಿಕೆ ನಮಗೂ ಬೇಕು. ಮಕ್ಕಳು ಭಾಷಾಂತರ ಮಾಡುವಾಗ ಅಮ್ಮನಿಗೆ ನೋವಾಗುವುದನ್ನು ಬಿಟ್ಟುಬಿಡುತ್ತಾರೆ. ಅಮ್ಮ ಮಕ್ಕಳಿಗೆ ಮುಜುಗರವಾಗುವುದನ್ನು ನುಂಗಿಕೊಳ್ಳುತ್ತಾಳೆ. ಇದು ಪ್ರೀತಿಯಿಂದಲೇ ಆಗುವುದು, ಆದರೆ ವೈದ್ಯರಿಗೆ ಅರ್ಧ ಸಂಗತಿ ಮಾತ್ರ ತಲುಪುತ್ತದೆ. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ನರ್ಸ್ ಇಲ್ಲದಿರುವುದು ಅಪರೂಪ. ಕರೆಗೆ ಕನ್ನಡದಲ್ಲೇ ಮಾತನಾಡುವ ಮಹಿಳಾ ಸಿಬ್ಬಂದಿ ಬೇಕೆಂದು ಮುಂಚಿತವಾಗಿ ಬರೆದು ಕೇಳಿ, ಸಂಕೋಚ ಬೇಡ. ನೀವು ಫೋನ್ ಜೋಡಿಸಿಕೊಟ್ಟು, ಮೊದಲ ಐದು ನಿಮಿಷ ಕುಳಿತು, ಎದ್ದು ಹೊರಗೆ ಹೋಗಿ. ಕೊನೆಯಲ್ಲಿ ಅಮ್ಮ ಕರೆದರೆ ಮತ್ತೆ ಬನ್ನಿ.

ಪದಗಳ ಬಗ್ಗೆಯೂ ಒಂದು ಮಾತು. ನಮ್ಮ ಲ್ಯಾಟಿನಾ ತಾಯಂದಿರಿಗೆ "ಪ್ರೊಲಾಪ್ಸೊ" ಎಂದರೆ ಏನೂ ಹೊಳೆಯುತ್ತಿರಲಿಲ್ಲ. "ಮಾತ್ರೀಸ್ ಕಾಯೀದಾ", ಅಂದರೆ ಬಿದ್ದ ಗರ್ಭಕೋಶ, ಎಂದೊಡನೆ ಮುಖ ಅರಳುತ್ತಿತ್ತು, ಏಕೆಂದರೆ ಅಜ್ಜಿಯಿಂದ ಕೇಳಿದ ಮಾತು ಅದು. ನಮ್ಮಲ್ಲಿ "ಜಾರಿದೆ" ಎನ್ನುವುದೂ ಅಂಥದ್ದೇ ಬಳಕೆಯ ಮಾತು. ಹೆರಿಗೆಯ ನಂತರದ ನಲವತ್ತು ದಿನಗಳ ವಿಶ್ರಾಂತಿಗೆ ಅವರಲ್ಲಿ "ಕ್ವಾರೆಂತೇನಾ" ಎನ್ನುತ್ತಾರೆ, ನಮ್ಮ ಬಾಣಂತನದ ಹಾಗೆಯೇ. ಶಸ್ತ್ರಚಿಕಿತ್ಸೆಯ ನಂತರ ಆರು ವಾರ ಭಾರ ಎತ್ತಬೇಡಿ ಎಂದರೆ ತಲೆಯಾಡಿಸಿ ಮರೆಯುತ್ತಿದ್ದವರು, ಇದನ್ನು ಇನ್ನೊಂದು ಕ್ವಾರೆಂತೇನಾ ಎಂದುಕೊಳ್ಳಿ ಎಂದ ಕೂಡಲೇ ಸೊಸೆಯರನ್ನು ಕರೆದು ಕೆಲಸ ಹಂಚುತ್ತಿದ್ದರು. ನಿಮ್ಮ ತಾಯಿಯವರಿಗೂ ಇದು ಎರಡನೇ ಬಾಣಂತನ ಎಂದು ಹೇಳಿ ನೋಡಿ.

ಕರೆ ಮುಗಿಯುವ ಮುನ್ನ ನಾವು ಒಂದು ಪದ್ಧತಿಯನ್ನು ಬಿಡುತ್ತಿರಲಿಲ್ಲ. "ಅರ್ಥವಾಯಿತೇ" ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಅದರ ಬದಲು, "ಮನೆಗೆ ಹೋಗಿ ನಿಮ್ಮ ತಂಗಿಗೆ ಇದನ್ನು ಹೇಗೆ ಹೇಳುತ್ತೀರಿ, ನನಗೆ ಹೇಳಿ ತೋರಿಸಿ" ಎನ್ನುತ್ತಿದ್ದೆವು. ಎಲ್ಲಿ ಎಡವಿದ್ದೇವೆ ಎಂಬುದು ಆಗ ತಿಳಿಯುತ್ತಿತ್ತು. ಇದನ್ನು ಮಾಡಿಸಿ ಎಂದು ನಿಮ್ಮ ಆಸ್ಪತ್ರೆಯ ನರ್ಸನ್ನು ಕೇಳಿಕೊಳ್ಳಿ.

ಉತ್ತರ — ಸಮುದಾಯ ಆರೋಗ್ಯ ಅಧಿಕಾರಿ, ಮಾಗಡಿ ರಸ್ತೆ

ಮನೆಯಲ್ಲಿ ನೆಟ್‌ವರ್ಕ್ ಸರಿಯಿಲ್ಲದಿದ್ದರೆ ಹತ್ತಿರದ ಆರೋಗ್ಯ ಉಪಕೇಂದ್ರದಲ್ಲಿ ವಿಚಾರಿಸಿ. ನಮ್ಮಂತಹ ಕೇಂದ್ರಗಳಿಂದ ಸರ್ಕಾರದ ದೂರವೈದ್ಯ ಸೇವೆ ಇ-ಸಂಜೀವಿನಿ ಮೂಲಕ ವೈದ್ಯರೊಂದಿಗೆ ಮಾತನಾಡಿಸುವ ವ್ಯವಸ್ಥೆ 2019ರ ನವೆಂಬರ್‌ನಲ್ಲಿ ದೇಶದಲ್ಲಿ ಆರಂಭವಾಯಿತು, ಮನೆಯಿಂದಲೇ ಬಳಸುವಂಥದ್ದು 2020ರ ಏಪ್ರಿಲ್‌ನಲ್ಲಿ ಬಂತು, ಎರಡೂ ಉಚಿತ. ಖಾಸಗಿ ಆಸ್ಪತ್ರೆಯ ಕರೆ ಬೇರೆಯಾದರೂ, ಶುಗರ್ ಮತ್ತು ಬಿ.ಪಿ.ಯನ್ನು ಕೇಂದ್ರದಲ್ಲೇ ಪ್ರತಿ ವಾರ ನೋಡಿಸಿ ಬರೆದಿಟ್ಟರೆ ಬೆಂಗಳೂರಿನ ವೈದ್ಯರಿಗೆ ಅದು ಬಹಳ ಉಪಯುಕ್ತ. ಆದರೆ ಆಶಾ ಕಾರ್ಯಕರ್ತೆ ಅದೇ ಊರಿನವರಾಗಿರುತ್ತಾರೆ ಎಂಬುದನ್ನು ಮರೆಯಬೇಡಿ. ಅವರಿಗೆ ತಿಳಿಯುವುದು ನಿಮ್ಮ ತಾಯಿಗೆ ಇಷ್ಟವೋ ಇಲ್ಲವೋ, ಮೊದಲು ಅವರನ್ನೇ ಕೇಳಿ.

ಉತ್ತರ — ನಿವೃತ್ತ ಶಿಕ್ಷಕಿ, ರಾಜಾಜಿನಗರ

ನನಗೆ ಇದೇ ಶಸ್ತ್ರಚಿಕಿತ್ಸೆ ಆಗಿ ಎರಡು ವರ್ಷವಾಯಿತು. ವೈದ್ಯರು ಮತ್ತು ನರ್ಸಮ್ಮನವರು ಎಲ್ಲ ಹೇಳಿದ್ದಾರೆ. ಮಂಚದ ಮೇಲೆ ಮಲಗಿದ್ದವಳು ಹೇಳಬೇಕಾದ ನಾಲ್ಕು ಮಾತು ಉಳಿದಿವೆ, ಅಷ್ಟನ್ನು ಬರೆಯುತ್ತೇನೆ.

ಎಚ್ಚರವಾದಾಗ ಸೊಂಟದಿಂದ ಕೆಳಗೆ ಕಾಲುಗಳು ನನ್ನವೇ ಅಲ್ಲವೇನೋ ಎನ್ನುವಂತೆ ಮರಗಟ್ಟಿದ್ದವು, ಮೂತ್ರಕ್ಕೆ ಪೈಪು ಹಾಕಿದ್ದರು, ಒಳಗೆ ಬಟ್ಟೆ ತುರುಕಿದ್ದರು. ವಿಡಿಯೋದಲ್ಲಿ ನರ್ಸ್ ಇವನ್ನೆಲ್ಲ ಮೊದಲೇ ಹೇಳಿ, ಒಂದು ಹೊಸ ಕ್ಯಾಥೆಟರ್ ಪೈಪನ್ನು ಕೈಯಲ್ಲಿ ಹಿಡಿದು ತೋರಿಸಿದ್ದರಿಂದ ನಾನು ಗಾಬರಿಯಾಗಲಿಲ್ಲ. ಪಕ್ಕದ ಮಂಚದವರಿಗೆ ಯಾರೂ ಹೇಳಿರಲಿಲ್ಲ. ಮಾರನೆಯ ದಿನ ಆ ಬಟ್ಟೆಯನ್ನು ಎಳೆದು ತೆಗೆಯುವಾಗ ಅವರು ಕರುಳೇ ಹೊರಬರುತ್ತಿದೆ ಎಂದು ಕೂಗಿಕೊಂಡರು. ಮುಂಚೆ ತಿಳಿದಿರುವುದಕ್ಕೂ ತಿಳಿಯದಿರುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಅಂದು ಕಣ್ಣಾರೆ ಕಂಡೆ.

ಆ ಕರೆಯಲ್ಲಿ ನರ್ಸ್ ನನ್ನ ಬಚ್ಚಲುಮನೆಯನ್ನು ತೋರಿಸಿ ಎಂದರು. ನಮ್ಮದು ಕೂರುವ ಇಂಡಿಯನ್ ಕಕ್ಕಸು. ಕುಕ್ಕರುಗಾಲಿನಲ್ಲಿ ಕುಳಿತು ಮುಕ್ಕುವಂತಿಲ್ಲ, ಹೊಲಿಗೆಗೆ ಭಾರ ಬೀಳುತ್ತದೆ ಎಂದು ತಿಳಿಸಿ, ಅದರ ಮೇಲೆ ಇಡುವ ಕಮೋಡ್ ಕುರ್ಚಿಯನ್ನು ಮೊದಲೇ ತರಿಸಿಡಲು ಹೇಳಿದರು. ನಿಮ್ಮ ಊರಿನ ಮನೆಗೂ ಇದು ಬೇಕಾಗುತ್ತದೆ. ಮಲಬದ್ಧತೆಗೆ ಔಷಧವನ್ನು ಶಸ್ತ್ರಚಿಕಿತ್ಸೆಗೆ ಮುಂಚಿನಿಂದಲೇ ಕೇಳಿ ತೆಗೆದುಕೊಳ್ಳಲಿ. ಹಾಸಿಗೆಯಿಂದ ನೆಟ್ಟಗೆ ಏಳಬಾರದು, ಮಗ್ಗುಲಿಗೆ ಹೊರಳಿ, ಕೈ ಊರಿ ಏಳಬೇಕು. ಇದನ್ನು ನನ್ನಿಂದ ವಿಡಿಯೋದಲ್ಲಿ ಮೂರು ಬಾರಿ ಮಾಡಿಸಿದರು. ಕೆಳಗಿನ ಸ್ನಾಯುಗಳನ್ನು ಬಿಗಿ ಮಾಡುವ ವ್ಯಾಯಾಮವನ್ನೂ ಕಲಿಸಿದರು: ಮೂತ್ರ ಮತ್ತು ಗಾಳಿ ಎರಡನ್ನೂ ತಡೆಹಿಡಿಯುವಂತೆ ಒಳಕ್ಕೆ, ಮೇಲಕ್ಕೆ ಎಳೆದುಕೊಂಡು ಐದು ಎಣಿಸಿ, ಬಿಟ್ಟು ಐದು ಎಣಿಸುವುದು. ನಾನು ವಾರವಿಡೀ ಉಸಿರುಗಟ್ಟಿ ಕೆಳಕ್ಕೆ ಒತ್ತುತ್ತಿದ್ದೆನಂತೆ, ಅಂದರೆ ಪೂರ್ತಿ ಉಲ್ಟಾ. ಅದು ಗೊತ್ತಾದದ್ದು ಆಸ್ಪತ್ರೆಯಲ್ಲಿ ಎದುರಿಗೆ ಪರೀಕ್ಷಿಸಿದಾಗ. ಆದ್ದರಿಂದ ವ್ಯಾಯಾಮವನ್ನು ಮಾತ್ರ ಒಮ್ಮೆ ಎದುರಿಗೆ ಸರಿ ನೋಡಿಸಿಕೊಳ್ಳಬೇಕು.

ಮನೆಗೆ ಬಂದ ಮೇಲೆ ನಾಲ್ಕಾರು ವಾರ ಕಂದು ಬಣ್ಣದ ಸ್ರಾವ ಇರುತ್ತದೆ, ಕರಗುವ ಹೊಲಿಗೆಯ ದಾರದ ತುಣುಕುಗಳೂ ಬರುತ್ತವೆ, ಹೆದರಬೇಡಿ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ, ಚಳಿಜ್ವರ, ಮೂತ್ರ ಕಟ್ಟಿಕೊಳ್ಳುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದಾದರೂ ಆದರೆ ವಿಡಿಯೋ ಕರೆಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಬೇಕೆಂದು ಬರೆದು ನಮ್ಮ ಫ್ರಿಜ್ಜಿನ ಮೇಲೆ ಅಂಟಿಸಿದ್ದೆವು.

ಇನ್ನೊಂದು ಮಾತು, ಬರೆಯಲು ಸಂಕೋಚವಾದರೂ ಬರೆಯುತ್ತೇನೆ. ಶಸ್ತ್ರಚಿಕಿತ್ಸೆಯ ನಂತರ ಗಂಡ ಹೆಂಡತಿ ಎಷ್ಟು ದಿನ ದೂರವಿರಬೇಕು, ಆಮೇಲೆ ನೋವಾಗುತ್ತದೆಯೇ ಎಂದು ನಾನು ಕೇಳಬೇಕಾಗಿತ್ತು. ನನ್ನ ವಯಸ್ಸಿಗೆ ಇದೆಲ್ಲ ಏಕೆ ಎಂದುಕೊಂಡಾರು ಎಂದು ಎದುರುಭೇಟಿಯಲ್ಲಿ ಕೇಳಲಾಗಲಿಲ್ಲ. ವಿಡಿಯೋದಲ್ಲಿ ನಾನೊಬ್ಬಳೇ ಇದ್ದಾಗ ಕೇಳಿದೆ. ಆ ನರ್ಸ್ ಹುಡುಗಿ ಮುಖದಲ್ಲಿ ಒಂದು ಗೆರೆಯೂ ಬದಲಾಗದಂತೆ, ಕನಿಷ್ಠ ಆರು ವಾರ, ಆಮೇಲೆ ವೈದ್ಯರು ನೋಡಿ ಹೇಳಿದ ಮೇಲೆ ಎಂದು ಉತ್ತರಿಸಿದಳು. ಅವಳಿಗೆ ಇಂದಿಗೂ ಮನಸ್ಸಿನಲ್ಲೇ ಒಳ್ಳೆಯದನ್ನು ಹಾರೈಸುತ್ತೇನೆ.

ಉತ್ತರ — ಸ್ತ್ರೀರೋಗ ತಜ್ಞೆ, ಜಯನಗರ

ಬಸವೇಶ್ವರನಗರದವರ ದೂರನ್ನು ತಳ್ಳಿಹಾಕಲಾರೆ. ಹನ್ನೆರಡು ನಿಮಿಷದ ಕರೆಯಿಂದ ಯಾರನ್ನೂ ಸಿದ್ಧಪಡಿಸಲಾಗದು. ಆದರೆ ಹನ್ನೆರಡು ನಿಮಿಷದ ಎದುರುಭೇಟಿಯಲ್ಲೂ ಆಗದು, ಅದಕ್ಕಾಗಿ ಆರು ಗಂಟೆ ಪ್ರಯಾಣ ಮಾಡಿಸುವುದು ಇನ್ನೂ ಅನ್ಯಾಯ. ಕನಿಷ್ಠ ಅರ್ಧ ಗಂಟೆ ಮೀಸಲಿಡುತ್ತೀರಾ ಎಂದು ದಿನ ಗೊತ್ತುಮಾಡುವಾಗಲೇ ಕೇಳಿ. ಬನಶಂಕರಿಯವರು ಹೇಳಿದಂತೆ ಮಗಳು ಹೊರಗಿರಬೇಕೆಂಬುದನ್ನೂ ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ: ಉಪವಾಸದ ಸಮಯ ಮತ್ತು ಮಾತ್ರೆಗಳ ಸೂಚನೆ ಬಂದಾಗ ಮಗಳನ್ನು ಒಳಗೆ ಕರೆಯಿರಿ. ಗಟ್ಟಿ ಆಹಾರ ಕನಿಷ್ಠ ಆರು ಗಂಟೆ, ತಿಳಿ ನೀರು ಎರಡು ಗಂಟೆ ಮುಂಚೆ ನಿಲ್ಲಿಸುವುದು ಸಾಮಾನ್ಯ ನಿಯಮ. ಶುಗರ್ ಮಾತ್ರೆಯನ್ನು ಆ ಬೆಳಿಗ್ಗೆ ಏನು ಮಾಡಬೇಕೆಂಬುದನ್ನು ಎರಡು ಜೊತೆ ಕಿವಿಗಳು ಕೇಳಿದರೆ ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ — ಹನ್ನೊಂದು ದಿನಗಳ ನಂತರ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಮೊದಲ ಕರೆ ನಿನ್ನೆ ಮುಗಿಯಿತು. ಕನ್ನಡ ಮಾತನಾಡುವ ನರ್ಸ್ ಬೇಕೆಂದು ಕೇಳಿದಾಗ ಆಸ್ಪತ್ರೆಯವರು ಒಪ್ಪಿ, ಹಾಸನ ಕಡೆಯ ಒಬ್ಬರನ್ನು ಗೊತ್ತುಮಾಡಿದರು, ನಲವತ್ತು ನಿಮಿಷ ಕೊಟ್ಟರು. ನಾನು ಹಿಂದಿನ ದಿನವೇ ಊರಿಗೆ ಹೋಗಿದ್ದೆ. ತಂದೆಯವರನ್ನು ತೋಟಕ್ಕೆ ಕಳುಹಿಸಿ, ನೆಟ್‌ವರ್ಕ್ ಸಿಗುವ ನಡುಮನೆಯ ಕಿಟಕಿಯ ಬಳಿ ರಾಗಿ ಡಬ್ಬಕ್ಕೆ ಫೋನನ್ನು ಒರಗಿಸಿಟ್ಟು, ಅಮ್ಮನ ಕಿವಿಗೆ ಇಯರ್‌ಫೋನ್ ಹಾಕಿ, ಮಾತು ಶುರುವಾದ ಮೇಲೆ ಹಿತ್ತಿಲಿಗೆ ಹೋದೆ. ಮೊದಲಿಗೆ "ಹೂಂ" ಬಿಟ್ಟರೆ ಬೇರೆ ಕೇಳಿಸಲಿಲ್ಲ. ಹತ್ತು ನಿಮಿಷ ಕಳೆದ ಮೇಲೆ ಅಮ್ಮನ ದನಿ ಜೋರಾಯಿತು, ನಗುವೂ ಕೇಳಿಸಿತು.

ಮಾತ್ರೆಗಳಿಗಾಗಿ ನನ್ನನ್ನು ಒಳಗೆ ಕರೆದರು. ಜಯನಗರದ ವೈದ್ಯರು ಹೇಳಿದಂತೆ ಕವರು ಸುರಿದಾಗ, ಎರಡು ವರ್ಷದ ಹಿಂದೆ ಎದೆ ಉರಿ ಎಂದು ಹೋದಾಗ ಯಾರೋ ಬರೆದುಕೊಟ್ಟ ಆಸ್ಪಿರಿನ್ ಸ್ಟ್ರಿಪ್ ಅದರಲ್ಲಿತ್ತು. ಇಂದಿಗೂ ದಿನಕ್ಕೊಂದು ನುಂಗುತ್ತಿದ್ದಾರೆ. ಮೊದಲ ಭೇಟಿಯಲ್ಲಿ ನಾವು ಯಾರೂ ಅದನ್ನು ಹೇಳಿರಲಿಲ್ಲ, ನಮಗೇ ಗೊತ್ತಿರಲಿಲ್ಲ. ಹೃದಯದ ವೈದ್ಯರ ಅಭಿಪ್ರಾಯ ಪಡೆಯಲು ಹೇಳಿದ್ದಾರೆ, ಇಸಿಜಿ ಆಗಿದೆ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವುದನ್ನೂ ಅಮ್ಮ ತಾವಾಗಿಯೇ ಒಪ್ಪಿಕೊಂಡರಂತೆ. ಹೊಲಿಗೆ ಮಾಯಲು ಅಡ್ಡಿಯಾಗುತ್ತದೆ ಎಂದು ನರ್ಸ್ ತಿಳಿಸಿದ ಮೇಲೆ ಸಂಚಿಯಿಂದ ಹೊಗೆಸೊಪ್ಪನ್ನು ತೆಗೆದು ನನ್ನ ಕೈಗೆ ಕೊಟ್ಟರು.

ಕೊನೆಯಲ್ಲಿ ನರ್ಸ್, "ನಿಮ್ಮ ತಂಗಿಗೆ ಹೇಳಿದ ಹಾಗೆ ನನಗೆ ಹೇಳಿ ನೋಡೋಣ" ಎಂದರು. ಅಮ್ಮ ಬೆರಳುಗಳನ್ನು ಕೂಡಿಸಿ ತೋರಿಸುತ್ತ, "ಗರ್ಭಕೋಶ ಜಾರೈತೆ, ಗಡ್ಡೆಯಲ್ಲ. ಅದನ್ನ ಕೆಳಗಿಂದಲೇ ತೆಗೀತಾರೆ, ಹೊಟ್ಟೆ ಕುಯ್ಯಲ್ಲ. ಉಚ್ಚೆ ಚೀಲಾನ ಎತ್ತಿ ಹೊಲೀತಾರೆ. ಆಮೇಲೆ ನಂಗೆ ಬಾಣಂತನ" ಎಂದರು. ನರ್ಸ್ ಒಂದನ್ನು ತಿದ್ದಿದರು: ಜಾಗ ಮತ್ತೆ ಜಾರದಂತೆ ಮೇಲ್ತುದಿಯನ್ನೂ ಕಟ್ಟುತ್ತಾರೆ ಎಂದು. ಅಮ್ಮ ಅದನ್ನೂ ಸೇರಿಸಿಕೊಂಡು ಮತ್ತೊಮ್ಮೆ ಹೇಳಿದರು.

ಅಣ್ಣನಿಗೆ ಕಮೋಡ್ ಕುರ್ಚಿಯ ವಿಷಯ ತಿಳಿಸಿದ್ದೇನೆ. ಎರಡು ಹಸುಗಳಲ್ಲಿ ಒಂದನ್ನು ಕೊಡುವುದೆಂದೂ, ಇನ್ನೊಂದನ್ನು ಮೂರು ತಿಂಗಳು ಚಿಕ್ಕಮ್ಮ ನೋಡಿಕೊಳ್ಳುವುದೆಂದೂ ಮಾತಾಗಿದೆ. ಕೆಮ್ಮಿಸಿ ನೋಡುವ ಪರೀಕ್ಷೆ ಆಗಿಲ್ಲವಂತೆ. ದಾಖಲಾಗುವ ದಿನ ಮಾಡುತ್ತೇವೆ ಎಂದು ಬರೆದುಕೊಂಡಿದ್ದಾರೆ. ಅರಿವಳಿಕೆ ತಜ್ಞರ ಕರೆ ಮುಂದಿನ ಮಂಗಳವಾರ ಇದೆ. ಅಂದು ನನಗೆ ರಜೆ ಸಿಗುವುದಿಲ್ಲವೆಂದು ಹೇಳಿದ್ದಕ್ಕೆ ಅಮ್ಮ, "ನೀನು ಬರಬೇಡ, ಫೋನನ್ನು ಡಬ್ಬಕ್ಕೆ ಒರಗಿಸೋದು ನಂಗೂ ಬರ್ತದೆ" ಎಂದಿದ್ದಾರೆ.